ಔಲ್‌ಬೇರ್ ಎರಡೇ ರೌಂಡಿಗೆ ಸತ್ತಿತು, ಆರು ಹಾಬ್‌ಗಾಬ್ಲಿನ್ ಇಡೀ ಪಾರ್ಟಿಯನ್ನೇ ಮಲಗಿಸಿದವು. ನನ್ನ ಲೆಕ್ಕ ಎಲ್ಲಿ ತಪ್ಪಿತು?

ಕೊತ್ರೂಡ್ ಡಿಎಂ
ಭಾನುವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಪುಣೆಯ ಕೊತ್ರೂಡ್‌ನಲ್ಲಿ ನಮ್ಮ ಮನೆಯಲ್ಲೇ ಆಟ ನಡೆಯುತ್ತದೆ. ವಾರ ಬಿಟ್ಟು ವಾರ, ಭಾನುವಾರ ಊಟ ಮುಗಿಸಿ ಮೂರು ಗಂಟೆಗೆ ಕೂತರೆ ಏಳುವುದು ಏಳಕ್ಕೆ. ಐದು ಜನ ಆಟಗಾರರು. ಇಬ್ಬರು ಧಾರವಾಡದ ಕಡೆಯವರು, ಒಬ್ಬರು ಬೆಳಗಾವಿ, ಇನ್ನಿಬ್ಬರು ಇಲ್ಲೇ ಹುಟ್ಟಿ ಬೆಳೆದವರು. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕಿ ಕತೆ ಕಟ್ಟುವ ಪಾತ್ರದಾಟ, ಐದನೇ ಆವೃತ್ತಿ, 2014ರ ಪುಸ್ತಕಗಳು. ಕತೆಯನ್ನೂ ಶತ್ರುಗಳನ್ನೂ ನಡೆಸುವ ಡಿಎಂ ನಾನು, ಆಟಗಾರರ ಪಾತ್ರಗಳ ತಂಡವೇ ಪಾರ್ಟಿ. ಎಲ್ಲರೂ ಮೂರನೇ ಲೆವೆಲ್: ಫೈಟರ್ (ಯೋಧ), ವಿಝರ್ಡ್ (ಮಾಂತ್ರಿಕ), ರೋಗ್ (ಕಳ್ಳ), ಕ್ಲೆರಿಕ್ (ದೈವಬಲದ ಪೂಜಾರಿ), ರೇಂಜರ್ (ಕಾಡಿನ ಬೇಟೆಗಾರ).

ಇವತ್ತು ಆದದ್ದಕ್ಕೆ ಮನಸ್ಸು ತುಂಬಾ ಕೆಟ್ಟಿದೆ. ಅದಕ್ಕೇ ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಹೋದ ಸಲ ಕಾಡಿನ ಗುಹೆಯಲ್ಲಿ ಒಂದು ಔಲ್‌ಬೇರ್ ಇಟ್ಟಿದ್ದೆ. ಗೂಬೆಯ ತಲೆ, ಕರಡಿಯ ಮೈ. ಸಿಆರ್ (ಜೀವಿ ಎಷ್ಟು ಕಷ್ಟದ್ದು ಅನ್ನುವ ಅಂಕ) 3, 700 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ), 59 ಎಚ್‌ಪಿ (ಪ್ರಾಣದ ಅಂಕ). ಗುಹೆಯ ವಾಸನೆ, ನೆಲದ ಮೇಲಿನ ಮೂಳೆ, ಗೋಡೆಯ ಮೇಲಿನ ಉಗುರಿನ ಗೀರು, ಎಲ್ಲವನ್ನೂ ಪ್ರೀತಿಯಿಂದ ಬರೆದುಕೊಂಡಿದ್ದೆ. ಎರಡನೇ ರೌಂಡ್ (ಎಲ್ಲರಿಗೂ ಒಂದೊಂದು ಸರದಿ ಬಂದರೆ ಒಂದು ರೌಂಡ್) ಮುಗಿಯುವ ಹೊತ್ತಿಗೆ ಅದು ಸತ್ತು ಬಿದ್ದಿತ್ತು. ಯಾರಿಗೂ ಹೆದರಿಕೆಯೇ ಆಗಲಿಲ್ಲ.

ಈ ಸಲ ಸ್ವಲ್ಪ ಬಿಗಿ ಮಾಡೋಣ ಅಂತ ಹಾಬ್‌ಗಾಬ್ಲಿನ್‌ಗಳನ್ನು ತಂದೆ, ಸೈನ್ಯದ ಹಾಗೆ ಗುಂಪಾಗಿ ಹೊಡೆದಾಡುವ ಜೀವಿಗಳು. ಮೊದಲು ದಾರಿಯಲ್ಲಿ ಐದು ಗಾಬ್ಲಿನ್‌ಗಳ (ಅದೇ ತರಹದ ಚಿಕ್ಕ ಜೀವಿಗಳು) ಜೊತೆ ಒಂದು ಸಣ್ಣ ಜಗಳ. ಆಮೇಲೆ ಹಳೇ ಸೇತುವೆಯ ಹತ್ತಿರ ಆರು ಹಾಬ್‌ಗಾಬ್ಲಿನ್. ಒಂದೊಂದೂ ಸಿಆರ್ ಅರ್ಧ, 100 ಎಕ್ಸ್‌ಪಿ. ಪುಸ್ತಕ ಹೇಳಿದ ಹಾಗೇ ಲೆಕ್ಕ ಹಾಕಿದೆ. ಒಟ್ಟು 600. ಮೂರರಿಂದ ಆರು ಶತ್ರುಗಳಿದ್ದರೆ ಎರಡರಿಂದ ಗುಣಿಸಬೇಕು, 1200. ನಮ್ಮ ಐದು ಜನಕ್ಕೆ 'ಹಾರ್ಡ್' ಶುರುವಾಗುವುದು 1125ಕ್ಕೆ, 'ಡೆಡ್ಲಿ' 2000ಕ್ಕೆ. ಹಾರ್ಡ್‌ನ ಹೊಸ್ತಿಲು ದಾಟಿದೆ ಅಷ್ಟೇ, ಸರಿಯಾಗಿದೆ ಅಂದುಕೊಂಡೆ.

ನಮ್ಮಲ್ಲಿ ಗೊಂಬೆಗಳಿಲ್ಲ. ಚೌಕಾಬಾರದ ಹುಣಸೆ ಬೀಜಗಳೇ ಶತ್ರುಗಳು. ಆರು ಬೀಜ ಇಟ್ಟೆ. ಮೊದಲ ರೌಂಡಿನಲ್ಲಿ ಮೂರು ಬೀಜ ಫೈಟರ್ ಸುತ್ತ ಬಂದವು. ಅವರ ಸರದಿ ಮುಗಿಯುವಷ್ಟರಲ್ಲಿ 28 ಎಚ್‌ಪಿಯ ಫೈಟರ್ ನೆಲದ ಮೇಲೆ. ಎರಡನೇ ರೌಂಡಿಗೆ ಕ್ಲೆರಿಕ್. ನಾಲ್ಕನೆಯದಕ್ಕೆ ನಿಂತಿದ್ದದ್ದು ರೋಗ್ ಒಬ್ಬನೇ, ನಾಲ್ಕು ಬೀಜ ಇನ್ನೂ ಹಾಳೆಯ ಮೇಲೇ ಇದ್ದವು. ಬಿದ್ದವರು ಬದುಕಲು ಹಾಕುವ ದಾಳ, ಡೆತ್ ಸೇವ್, ಫೈಟರ್‌ಗೆ ಮೂರೂ ಸಲ ಸೋತಿತು, ಪಾತ್ರ ಸತ್ತಿತು. ಅಲ್ಲಿಗೆ ಆಟ ನಿಲ್ಲಿಸಿದೆ. ಎಲ್ಲರೂ ಸುಮ್ನೆ ಚಪ್ಪಲಿ ಹಾಕಿಕೊಂಡು ಹೋದರು.

ಪುಸ್ತಕ ಹೇಳಿದ್ದನ್ನೇ ಮಾಡಿದೆ, ಆದರೂ ಹೀಗೇಕೆ ಆಯಿತು? ಪರದೆಯ ಹಿಂದೆ, ಆಟಗಾರರಿಗೆ ಗೊತ್ತಾಗದ ಹಾಗೆ, ಅವುಗಳ ಎಚ್‌ಪಿ ಕಡಿಮೆ ಮಾಡಬೇಕಿತ್ತಾ? ಮುಂದಿನ ಸಲ ಎಲ್ಲಿಂದ ಶುರು ಮಾಡಲಿ?

ಪಿಂಪ್ರಿ ಲೆಕ್ಕಿಗ
ಸೋಮವಾರ, ಬೆಳಗ್ಗೆ 8:05

ಬೇಜಾರು ಮಾಡ್ಕೋಬೇಡಿ. ಎಕ್ಸ್‌ಪಿ ಲೆಕ್ಕ ನೀವು ತಪ್ಪಿಲ್ಲದೆ ಹಾಕಿದ್ದೀರಿ. ಆದರೆ ಆ ಲೆಕ್ಕ ಹೇಳದ ಒಂದು ವಿಷಯ ಇದೆ. ನಾನು ಪ್ರತಿ ಎನ್‌ಕೌಂಟರ್‌ಗೂ, ಅಂದರೆ ಶತ್ರುಗಳ ಜೊತೆಗಿನ ಪ್ರತಿ ಮುಖಾಮುಖಿಗೂ, ಅದನ್ನು ಬೇರೆ ಹಾಳೆಯಲ್ಲಿ ಬರೆದು ನೋಡುತ್ತೇನೆ. ನಿಮ್ಮ ಎರಡು ಕಾಳಗಗಳನ್ನೇ ತೆಗೆದುಕೊಳ್ಳೋಣ.

ಔಲ್‌ಬೇರ್ ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕ) 13. ನಿಮ್ಮವರಿಗೆ ಹೊಡೆತಕ್ಕೆ +5 ಅಂತ ಇಟ್ಟುಕೊಂಡರೆ ಇಪ್ಪತ್ತುಮುಖದ ದಾಳದಲ್ಲಿ 8 ಬಂದರೆ ಸಾಕು, ಅಂದರೆ ನೂರಕ್ಕೆ 65 ಸಲ ತಾಗುತ್ತದೆ. ಐದು ಜನ ಹೊಡೆದರೆ ಸರಾಸರಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಏಟು. ಒಂದು ಏಟಿಗೆ ಸರಾಸರಿ 9 ಅಂದರೂ ರೌಂಡಿಗೆ 29 ಹತ್ತಿರ. 59 ಎಚ್‌ಪಿ ಎರಡು ರೌಂಡಿಗೆ ಖಾಲಿ. ಅದು ವಾಪಸ್ ಕೊಡುವುದು ಎಷ್ಟು? ಕೊಕ್ಕು, ಉಗುರು, ಎರಡೇ ಏಟು. ಎರಡೂ ತಾಗಿದರೆ 24, ಆದರೆ ನಿಮ್ಮವರ ಎಸಿ 16 ಅಂತ ಇಟ್ಟುಕೊಂಡರೆ ನೂರಕ್ಕೆ 60 ಸಲ ಮಾತ್ರ ತಾಗುತ್ತದೆ. ರೌಂಡಿಗೆ ಸುಮಾರು 15.

ಈಗ ಹಾಬ್‌ಗಾಬ್ಲಿನ್. ಎಚ್‌ಪಿ ಬರೀ 11, ಆದರೆ ಎಸಿ 18. ಅದೇ +5ಕ್ಕೆ ಈಗ 13 ಬರಬೇಕು, ನೂರಕ್ಕೆ 40. ಐದು ಜನ ಹೊಡೆದರೆ ತಾಗುವುದು ಎರಡು. ರೌಂಡಿಗೆ ಒಬ್ಬ ಸತ್ತರೆ ಪುಣ್ಯ. ಅವರ ಕಡೆಯಿಂದ? ಕತ್ತಿಯ ಏಟು ಸರಾಸರಿ 5.5. ಅದರ ಮೇಲೆ ಮಾರ್ಷಲ್ ಅಡ್ವಾಂಟೇಜ್: ಹೊಡೆಸಿಕೊಳ್ಳುವವನ ಐದು ಅಡಿಯೊಳಗೆ ಅವರ ಜೊತೆಗಾರ ಇನ್ನೊಬ್ಬ ನಿಂತಿದ್ದರೆ ಇನ್ನೆರಡು ದಾಳ, ಸರಾಸರಿ 7. ಒಟ್ಟು 12.5. ಎಸಿ 16ರ ಮೇಲೆ ನೂರಕ್ಕೆ 40 ತಾಗಿದರೂ, ಆರು ಜನ ಗುಣಿಸು 0.4, ಗುಣಿಸು 12.5. ಸರಿಯಾಗಿ 30.

ನೋಡಿ, 700 ಎಕ್ಸ್‌ಪಿಯ ಪ್ರಾಣಿ ರೌಂಡಿಗೆ 15 ಕೊಟ್ಟು ಎರಡು ರೌಂಡಿಗೆ ಸಾಯುತ್ತದೆ. 600 ಎಕ್ಸ್‌ಪಿಯ ಗುಂಪು ರೌಂಡಿಗೆ 30 ಕೊಟ್ಟು ನಾಲ್ಕೈದು ರೌಂಡ್ ನಿಲ್ಲುತ್ತದೆ. ನಿಮ್ಮ ಫೈಟರ್ 28 ಎಚ್‌ಪಿ. ಮೊದಲ ರೌಂಡಿಗೇ ಬಿದ್ದದ್ದು ದುರದೃಷ್ಟ ಅಲ್ಲ, ಸರಾಸರಿಯೇ ಹಾಗಿತ್ತು.

ಹಾಬ್‌ಗಾಬ್ಲಿನ್ ಒಂಟಿಯಾಗಿ ಬಂದರೆ ಆ ಹೆಚ್ಚಿನ ಎರಡು ದಾಳ ಕೆಲಸಕ್ಕೇ ಬರುವುದಿಲ್ಲ. ಆರು ಬಂದರೆ ಆರು ಕತ್ತಿಗೂ ಸಿಗುತ್ತದೆ. ಅದಕ್ಕೇ ನಾನು ಸಿಆರ್ ನೋಡಿದ ಮೇಲೆ ಆ ಜೀವಿಯ ಗುಣಗಳನ್ನು ಒಂದೊಂದೇ ಸಾಲು ಓದುತ್ತೇನೆ. "ಈ ಗುಣ ಇವರ ಸಂಖ್ಯೆ ಜಾಸ್ತಿಯಾದರೆ ಜೋರಾಗುತ್ತದಾ?" ಇದೊಂದು ಪ್ರಶ್ನೆ ಕೇಳಿಕೊಳ್ಳಿ.

2024ರಲ್ಲಿ ಬಂದ ಡಿಎಂಗಳ ಹೊಸ ಗೈಡ್‌ನಲ್ಲಿ ಗುಣಾಕಾರವನ್ನೇ ತೆಗೆದಿದ್ದಾರೆ. ಮೂರನೇ ಲೆವೆಲ್‌ಗೆ ತಲೆಗೆ 'ಲೋ' 150, 'ಮಾಡರೇಟ್' 225, 'ಹೈ' 400. ನಿಮ್ಮ ಐದು ಜನಕ್ಕೆ 750, 1125, 2000. ಅದರಲ್ಲಿ ಈ ಹಳೇ ಹಾಬ್‌ಗಾಬ್ಲಿನ್‌ಗಳನ್ನು ತೂಗಿದರೆ 600. 'ಲೋ'ಗೂ ಕೆಳಗೆ! ಹಳೇ ಜೀವಿಗೆ ಹೊಸ ತಕ್ಕಡಿ ಹಿಡಿಯಬೇಡಿ ಅನ್ನುವುದಕ್ಕೆ ಇದನ್ನು ಹೇಳಿದೆ.

ಮಾಟುಂಗ ಫಿಲ್ಟರ್ ಕಾಫಿ
ಸೋಮವಾರ, ಬೆಳಗ್ಗೆ 9:30

ಒಂದೇ ಪ್ರಶ್ನೆ. ಒಬ್ಬ ಹಾಬ್‌ಗಾಬ್ಲಿನ್ ಸತ್ತ, ಇನ್ನೊಬ್ಬ ಸತ್ತ. ಉಳಿದ ನಾಲ್ವರಿಗೆ ಹೆದರಿಕೆ ಆಗಲಿಲ್ವಾ?

ಕೊತ್ರೂಡ್ ಡಿಎಂ
ಸೋಮವಾರ, ಬೆಳಗ್ಗೆ 9:52

ಲೆಕ್ಕಿಗರೇ, ಕಣ್ಣು ತೆರೆಸಿದಿರಿ. ಮಾರ್ಷಲ್ ಅಡ್ವಾಂಟೇಜ್ ಓದಿದ್ದೆ, ಆರರಿಂದ ಗುಣಿಸಿ ನೋಡಿರಲಿಲ್ಲ.

ಕಾಫಿ ಸರ್, ಇಲ್ಲ. ಕೊನೆಯವನ ತನಕ ಹೊಡೆದಾಡುತ್ತಾರೆ ಅಂತಲೇ ನಡೆಸಿದೆ. ನಾನು ಯಾವಾಗಲೂ ಹಾಗೇ ನಡೆಸುವುದು.

ಮಾಟುಂಗ ಫಿಲ್ಟರ್ ಕಾಫಿ
ಸೋಮವಾರ, ಮಧ್ಯಾಹ್ನ 1:10

ಹಾಗಾದರೆ ನನ್ನ ಮಾತು ಕೇಳಿ. ನಾನು ಇದೇ ಆಟದ 1981ರ ಬೇಸಿಕ್ ನಿಯಮಗಳಲ್ಲಿ ಆಡಿಸುವವನು. ಅದರಲ್ಲಿ ಪ್ರತಿ ಜೀವಿಗೂ ಮೊರೇಲ್ ಅಂತ ಒಂದು ಸಂಖ್ಯೆ ಇದೆ, ಧೈರ್ಯದ ಅಂಕ. ಕೋಬೋಲ್ಡ್‌ಗೆ 6, ಹಾಬ್‌ಗಾಬ್ಲಿನ್‌ಗೆ 8, ಅಸ್ಥಿಪಂಜರಕ್ಕೆ 12. ಗುಂಪಿನಲ್ಲಿ ಮೊದಲನೆಯವನು ಸತ್ತಾಗ ಒಂದು ಸಲ, ಅರ್ಧ ಗುಂಪು ಬಿದ್ದಾಗ ಇನ್ನೊಂದು ಸಲ, ಎರಡು ಆರುಮುಖದ ದಾಳ ಹಾಕುತ್ತೇವೆ. ಅಂಕಕ್ಕಿಂತ ಜಾಸ್ತಿ ಬಂದರೆ ಓಡುತ್ತಾರೆ, ಇಲ್ಲವೇ ಶರಣಾಗುತ್ತಾರೆ. 8ರ ಅಂಕ ಇರುವವನು 36ರಲ್ಲಿ 10 ಸಲ ಓಡುತ್ತಾನೆ. ಅಸ್ಥಿಪಂಜರ ಓಡುವುದೇ ಇಲ್ಲ, 12ಕ್ಕಿಂತ ಜಾಸ್ತಿ ಬೀಳುವುದೇ ಇಲ್ವಲ್ಲ.

ಇದರಿಂದ ಏನಾಗುತ್ತದೆ ಗೊತ್ತಾ? ಕಾಳಗ ಎಷ್ಟು ಹೊತ್ತು ನಡೆಯಬೇಕು ಅನ್ನುವುದನ್ನು ಎಚ್‌ಪಿ ಒಂದೇ ತೀರ್ಮಾನಿಸುವುದಿಲ್ಲ. ನೀವು ಆರು ಜನ ಇಟ್ಟರೂ ಆಟಗಾರರು ಆರು ಜನರನ್ನೂ ಕೊಲ್ಲಬೇಕಾಗಿಲ್ಲ. ಮೂವರು ಬಿದ್ದರೆ ಸಾಕಾಗಬಹುದು. ಐದನೇ ಆವೃತ್ತಿಗೂ ಇದನ್ನು ಹಾಗೇ ಎತ್ತಿ ಹಾಕಬಹುದು, ಏನೂ ಬದಲಿಸಬೇಕಿಲ್ಲ.

ಇನ್ನು ಓಡುವ ದಾರಿ. ನಿಮ್ಮ ಸೇತುವೆಯ ಮೇಲೆ ಆಟಗಾರರು ಹಿಂದೆ ಓಡಬಹುದಿತ್ತಾ? ಓಡಬಹುದು ಅಂತ ಅವರಿಗೆ ಗೊತ್ತಿತ್ತಾ? ಎಷ್ಟೋ ಜನ ಆಟಗಾರರು ಡಿಎಂ ಇಟ್ಟ ಕಾಳಗ ಗೆಲ್ಲಲಿಕ್ಕೇ ಇಟ್ಟದ್ದು ಅಂತ ನಂಬಿರುತ್ತಾರೆ. ನಮ್ಮಲ್ಲಿ ಹೊಸಬರು ಬಂದರೆ ಮೊದಲ ದಿನವೇ ಹೇಳುತ್ತೇನೆ: ಇಲ್ಲಿ ನಿಮ್ಮ ಶಕ್ತಿ ಮೀರಿದ್ದೂ ಇರುತ್ತದೆ, ಓಡಿದರೆ ಓಡಲು ಬಿಡುತ್ತೇನೆ.

ಡೊಂಬಿವಲಿ ಫಾಸ್ಟ್
ಸೋಮವಾರ, ರಾತ್ರಿ 10:45

ಈಗಷ್ಟೇ ಮನೆ ಸೇರಿದೆ. ಟ್ರೈನಿನಲ್ಲಿ ನಿಂತುಕೊಂಡೇ ಎಲ್ಲ ಓದಿದೆ.

ಒಂದು ವಿಷಯ ಯಾರೂ ಎತ್ತಿಲ್ಲ. ವಿಝರ್ಡ್ ಏನು ಮಾಡುತ್ತಿದ್ದರು ಮಾರಾಯ್ರೆ? ಮೂರನೇ ಲೆವೆಲ್ ವಿಝರ್ಡ್ ಹತ್ತಿರ ಎರಡನೇ ದರ್ಜೆಯ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಎರಡು ಇರುತ್ತವೆ. ಶ್ಯಾಟರ್ ಮಂತ್ರ ಒಂದು ಹಾಕಿದರೆ ಹತ್ತಡಿ ತ್ರಿಜ್ಯದೊಳಗೆ ಇದ್ದವರಿಗೆಲ್ಲ ಮೂರು ಎಂಟುಮುಖದ ದಾಳ, ಸರಾಸರಿ 13.5. ಹಾಬ್‌ಗಾಬ್ಲಿನ್‌ಗೆ ಇರುವುದು 11! ಮಾರ್ಷಲ್ ಅಡ್ವಾಂಟೇಜ್ ಬೇಕು ಅಂದರೆ ಅವರು ಒಬ್ಬರ ಪಕ್ಕ ಒಬ್ಬರು ನಿಲ್ಲಲೇಬೇಕು. ಶ್ಯಾಟರ್‌ಗೆ ಇದಕ್ಕಿಂತ ಒಳ್ಳೆ ಗುರಿ ಸಿಗಲ್ಲ.

ಕೊತ್ರೂಡ್ ಡಿಎಂ
ಸೋಮವಾರ, ರಾತ್ರಿ 10:58

ಎರಡೂ ಸ್ಲಾಟ್ ಗಾಬ್ಲಿನ್‌ಗಳ ಮೇಲೆ ಮುಗಿಸಿದ್ದರು. ಏಳು ಎಚ್‌ಪಿಯ ಗಾಬ್ಲಿನ್‌ಗಳ ಮೇಲೆ. ಆಗ ನನಗೂ ಏನೂ ಅನಿಸಲಿಲ್ಲ.

ಡೊಂಬಿವಲಿ ಫಾಸ್ಟ್
ಸೋಮವಾರ, ರಾತ್ರಿ 11:30

ಸಿಕ್ಕಿತು ನೋಡಿ. ವಿಝರ್ಡ್‌ದು ತಪ್ಪಲ್ಲ. ನೀವೇ ಕಲಿಸಿದ ಅಭ್ಯಾಸ ಅದು, ತಪ್ಪು ತಿಳಿಯಬೇಡಿ. ಊಹೆ ಮಾಡುತ್ತೇನೆ: ಪ್ರತಿ ಸಲ ಏಳು ಗಂಟೆಗೆ ಆಟ ಮುಗಿದರೆ "ಸರಿ, ರಾತ್ರಿಯಾಯಿತು, ಮಲಗಿದಿರಿ, ಲಾಂಗ್ ರೆಸ್ಟ್ ಆಯಿತು" ಅನ್ನುತ್ತೀರಿ, ಎಚ್‌ಪಿ, ಸ್ಲಾಟ್ ಎಲ್ಲ ವಾಪಸ್. ಅಲ್ವಾ? ಒಂದು ಭಾನುವಾರಕ್ಕೆ ಒಂದೇ ಕಾಳಗ. ಹಾಗಾಗಿ ಆ ಕಾಳಗದಲ್ಲಿ ಇದ್ದದ್ದೆಲ್ಲ ಸುರಿಯುವುದೇ ಜಾಣತನ ಅಂತ ಅವರು ಕಲಿತಿದ್ದಾರೆ. ಔಲ್‌ಬೇರ್ ಎರಡು ರೌಂಡಿಗೆ ಹೋದದ್ದೂ ಅದಕ್ಕೇ. ಈ ಸಲ ಮೊದಲ ಬಾರಿಗೆ ಎರಡನೇ ಕಾಳಗ ಬಂತು, ಕೈ ಖಾಲಿ.

2014ರ ಪುಸ್ತಕ ಒಂದು ದಿನಕ್ಕೆ ಆರರಿಂದ ಎಂಟು ಮೀಡಿಯಂ ಅಥವಾ ಹಾರ್ಡ್ ಕಾಳಗ ಅಂತ ಇಟ್ಟುಕೊಂಡಿದೆ. ಮೂರನೇ ಲೆವೆಲ್‌ಗೆ ದಿನಕ್ಕೆ ತಲೆಗೆ 1200, ನಿಮಗೆ 6000. ಗಾಬ್ಲಿನ್ 500, ಹಾಬ್‌ಗಾಬ್ಲಿನ್ 1200, ಒಟ್ಟು 1700. ಮೂರನೇ ಒಂದು ಭಾಗವೂ ಆಗಿಲ್ಲ, ಆದರೂ ಪಾರ್ಟಿ ಮುಗಿಯಿತು. ದಿನ ಉದ್ದ ಇರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಮುಂಬೈನಲ್ಲಿ ನಮಗೂ ಸಮಯದ ತೊಂದರೆ ಇದೆ. ಒಬ್ಬರು ವಸಾಯಿಯಿಂದ ಬರಬೇಕು, ಒಬ್ಬರು ಪನ್ವೇಲ್. ಮೂರು ಗಂಟೆ ಸಿಕ್ಕರೆ ಹೆಚ್ಚು. ಆರು ಕಾಳಗ ಎಲ್ಲಿ ಆಗುತ್ತದೆ? ನಾವು ಹೀಗೆ ಮಾಡಿದೆವು: ಆಟದೊಳಗಿನ ಒಂದು ದಿನವನ್ನು ಮೂರು ಭಾನುವಾರಕ್ಕೆ ಎಳೆಯುತ್ತೇವೆ. ಎದ್ದು ಹೋಗುವಾಗ ಪ್ರತಿಯೊಬ್ಬರೂ ಉಳಿದ ಎಚ್‌ಪಿ, ಉಳಿದ ಸ್ಲಾಟ್ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಮುಂದಿನ ಸಲ ಡಬ್ಬಿ ತೆಗೆದು ಚೀಟಿ ಹಂಚಿದರೆ ಅಲ್ಲಿಂದಲೇ ಶುರು. ಮೊದಲ ತಿಂಗಳು ಗೊಣಗಿದರು. ಈಗ ನಮ್ಮ ವಿಝರ್ಡ್, ಸ್ಲಾಟ್ ಬೇಡದ ಫೈರ್‌ಬೋಲ್ಟ್ ಮಂತ್ರದಲ್ಲಿ ಮುಗಿಯುವ ಕಡೆ ಸ್ಲಾಟ್ ಮುಟ್ಟುವುದೇ ಇಲ್ಲ.

ಇನ್ನೊಂದು, ಶಾರ್ಟ್ ರೆಸ್ಟ್. ಗಾಬ್ಲಿನ್ ಆದ ಮೇಲೆ ಒಂದು ಗಂಟೆ ಕೂರಲು ಜಾಗ ಕೊಟ್ಟಿದ್ದರೆ ವಿಝರ್ಡ್‌ಗೆ ಆರ್ಕೇನ್ ರಿಕವರಿ ಅನ್ನುವ ಸಾಮರ್ಥ್ಯದಿಂದ ಒಂದು ಎರಡನೇ ದರ್ಜೆಯ ಸ್ಲಾಟ್ ವಾಪಸ್ ಬರುತ್ತಿತ್ತು. ಆ ಒಂದು ಸ್ಲಾಟ್ ಸೇತುವೆಯ ಕತೆಯನ್ನೇ ಬದಲಾಯಿಸುತ್ತಿತ್ತು.

ವಾಸ್ಕೊ ಬಂದರು
ಮಂಗಳವಾರ, ಬೆಳಗ್ಗೆ 7:15

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮದು ಮೂವರೇ ಆಟಗಾರರ ಗುಂಪು, ಎರಡನೇ ಲೆವೆಲ್. ಚಿಕ್ಕ ಗುಂಪಿನಲ್ಲಿ ಒಂದು ಏಟು ಕೂಡ ದೊಡ್ಡದು. ಒಬ್ಬರು ಬಿದ್ದರೆ ಮೂರನೇ ಒಂದು ಭಾಗ ಶಕ್ತಿ ಹೋಯಿತು.

ಎಚ್‌ಪಿಯನ್ನು ಬಿಟ್ಟು ಬೇರೆಯದನ್ನು ಮುಟ್ಟುವ ಜೀವಿಗಳ ಬಗ್ಗೆ ಎಚ್ಚರ ಇರಲಿ. ನನಗೆ ಪಾಠ ಕಲಿಸಿದ್ದು ಶ್ಯಾಡೋ, ನೆರಳಿನಂಥ ಭೂತ. ಸಿಆರ್ ಅರ್ಧ, ನಿಮ್ಮ ಹಾಬ್‌ಗಾಬ್ಲಿನ್ ಬೆಲೆಯೇ. ಆದರೆ ಅದು ತಾಗಿದಾಗಲೆಲ್ಲ ಸ್ಟ್ರೆಂಗ್ತ್‌ನಿಂದ (ಪಾತ್ರದ ದೇಹಬಲದ ಅಂಕ) ಒಂದರಿಂದ ನಾಲ್ಕು ಕಿತ್ತುಕೊಳ್ಳುತ್ತದೆ. ಸೊನ್ನೆಗೆ ಇಳಿದರೆ ಸಾವು. ಡೆತ್ ಸೇವ್ ಇಲ್ಲ, ಏನೂ ಇಲ್ಲ. ನಮ್ಮ ವಿಝರ್ಡ್ ಸ್ಟ್ರೆಂಗ್ತ್ 8. ಎರಡು ಏಟು ಬಿದ್ದ ಮೇಲೆ ಎರಡೇ ಉಳಿದಿತ್ತು. ಮೇಜಿನ ಸುತ್ತ ಎಲ್ಲರ ಮುಖ ಬಿಳಿಚಿತ್ತು. ಅದೇ ಪಾರ್ಟಿಯಲ್ಲಿ ಕ್ಲೆರಿಕ್ ಇದ್ದು ರೇಡಿಯಂಟ್, ಅಂದರೆ ದಿವ್ಯ ಬೆಳಕಿನ, ಹೊಡೆತ ಕೊಟ್ಟಿದ್ದರೆ ಶ್ಯಾಡೋಗೆ ಏಟು ಎರಡರಷ್ಟು ಬೀಳುತ್ತಿತ್ತು. ಒಂದೇ ಜೀವಿ, ಒಂದೇ ಸಿಆರ್, ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ ಪೂರ್ತಿ ಬೇರೆ ಕಾಳಗ.

ಇನ್ನೊಂದು ನನಗೆ ಇಷ್ಟವಾದ ದಾರಿ: ಕೊಲ್ಲುವುದನ್ನೇ ಗುರಿ ಮಾಡಬೇಡಿ. ಹೋದ ಮಳೆಗಾಲದಲ್ಲಿ ಒಂದು ಕಡಲ ಗುಹೆ ಬರೆದೆ. ಒಳಗೆ ದೋಣಿ ಸಿಕ್ಕಿಕೊಂಡಿದೆ, ಉಬ್ಬರ ಏರುತ್ತಿದೆ. ಪ್ರತಿ ರೌಂಡಿಗೂ ನೀರು ಅರ್ಧ ಅಡಿ. ಬಟ್ಟಲಲ್ಲಿ ನೀರು ಹಾಕಿ ರೌಂಡಿಗೊಂದು ಚಮಚ ಸೇರಿಸುತ್ತಾ ಹೋದೆ, ಅವರ ಕಣ್ಣೆಲ್ಲ ಬಟ್ಟಲ ಮೇಲೆ. ಒಬ್ಬಳು ಹಗ್ಗ ಬಿಚ್ಚಬೇಕು, ಒಬ್ಬ ಶತ್ರುಗಳನ್ನು ತಡೆಯಬೇಕು, ಒಬ್ಬ ದೋಣಿ ನೂಕಬೇಕು. ಶತ್ರುಗಳು ಎಕ್ಸ್‌ಪಿ ಲೆಕ್ಕದಲ್ಲಿ ಡೆಡ್ಲಿ ದಾಟಿದ್ದರು. ಎಲ್ಲರೂ ಬದುಕಿ ಬಂದರು, ಯಾಕೆಂದರೆ ಅವರು ಗೆಲ್ಲಬೇಕಾದದ್ದು ದೋಣಿಯನ್ನು. ಎರಡನ್ನೇ ಕೊಂದರು.

ಡೊಂಬಿವಲಿ ಫಾಸ್ಟ್
ಮಂಗಳವಾರ, ಬೆಳಗ್ಗೆ 8:20

ವಾಸ್ಕೊ ಅಕ್ಕಾ, ಆ ಬಟ್ಟಲು ನಾನು ಕದಿಯುತ್ತೇನೆ.

ಪಿಂಪ್ರಿ ಲೆಕ್ಕಿಗ
ಮಂಗಳವಾರ, ಮಧ್ಯಾಹ್ನ 2:00

ಪರದೆಯ ಹಿಂದೆ ಎಚ್‌ಪಿ ಕಡಿಮೆ ಮಾಡುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಅಭಿಪ್ರಾಯ: ಮಾಡಬೇಡಿ. ಲೆಕ್ಕ ತಪ್ಪಿದರೆ ಮುಂದಿನ ಲೆಕ್ಕ ಸರಿ ಮಾಡಬೇಕು. ಹಾಳೆಯ ಮೇಲೆ ಬಂದ ಜೀವಿಯನ್ನು ಮಧ್ಯದಲ್ಲಿ ತಿದ್ದಿದರೆ ದಾಳಕ್ಕೆ ಬೆಲೆ ಇರುವುದಿಲ್ಲ.

ವಾಸ್ಕೊ ಬಂದರು
ಮಂಗಳವಾರ, ಮಧ್ಯಾಹ್ನ 2:40

ನನಗೆ ಅಷ್ಟು ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಹೊಸ ಡಿಎಂ ಒಬ್ಬರು ತಮ್ಮದೇ ತಪ್ಪು ಮಧ್ಯದಲ್ಲಿ ಕಂಡುಕೊಂಡರೆ? ಆಟಗಾರರು ಮಾಡದ ತಪ್ಪಿಗೆ ಅವರ ಪಾತ್ರ ಸಾಯಬೇಕಾ? ನಾನಾದರೆ ಎಚ್‌ಪಿ ಮುಟ್ಟದೆ ಶತ್ರುಗಳ ನಡೆ ಬದಲಿಸುತ್ತೇನೆ. ಬಿದ್ದವರನ್ನು ಕಟ್ಟಿ ಹಾಕಲಿ, ಗಾಡಿಯ ಮೇಲಿನ ಸಾಮಾನು ದೋಚಲು ಇಬ್ಬರು ಹೋಗಲಿ. ಅದು ಅವರ ಬುದ್ಧಿಗೆ ತಕ್ಕದ್ದೇ ಆಗಿದ್ದರೆ ಮೋಸ ಅನ್ನಿಸುವುದಿಲ್ಲ.

ಬಿದ್ದ ಫೈಟರ್
ಮಂಗಳವಾರ, ಸಂಜೆ 6:30

ನಾನೇ ಆ ಫೈಟರ್. ಅಣ್ಣ ಇಲ್ಲಿ ಬರೆದಿದ್ದಾರೆ ಅಂತ ನಮ್ಮ ರೋಗ್ ಹೇಳಿದ, ಪೂರ್ತಿ ಓದಿದೆ.

ಅಣ್ಣಾ, ಮೊದಲು ಇದನ್ನು ಹೇಳಬೇಕು. ನೀವು ಎಚ್‌ಪಿ ಕಡಿಮೆ ಮಾಡಿದ್ದರೆ ನನಗೆ ಗೊತ್ತಾಗುತ್ತಿತ್ತು. ಮೊದಲನೆಯವನಿಗೆ ನಾನು 10 ಕೊಟ್ಟೆ, ಬೀಳಲಿಲ್ಲ. ರೇಂಜರ್ ಇನ್ನು ಐದು ಕೊಟ್ಟ, ಬಿದ್ದ. ಎರಡನೆಯವನು 9ಕ್ಕೆ ಬಿದ್ದಿದ್ದರೆ ನಾವೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಆಮೇಲೆ ಯಾವ ಗೆಲುವೂ ನನ್ನದು ಅನ್ನಿಸುತ್ತಿರಲಿಲ್ಲ. ನೀವು ದಾಳವನ್ನು ಎದುರಿಗೇ ಹಾಕಿದಿರಿ, ಅದಕ್ಕೆ ನನಗೆ ಗೌರವ ಇದೆ.

ಸತ್ತದ್ದಕ್ಕೆ ಅಳು ಬಂತು, ನಿಜ. ನನ್ನ ಪಾತ್ರ ಅವಳು, ಎಂಟು ತಿಂಗಳು ಅವಳ ಜೊತೆ ಇದ್ದೆ. ಆದರೆ ಜಾಸ್ತಿ ಬೇಜಾರಾದದ್ದು ಬೇರೆಯದಕ್ಕೆ. "ಸೇತುವೆಯ ಆ ಕಡೆಯಿಂದ ಆರು ಹಾಬ್‌ಗಾಬ್ಲಿನ್ ಬರುತ್ತಿವೆ, ಸರದಿಗೆ ಇನಿಶಿಯೇಟಿವ್ ದಾಳ ಹಾಕಿ" ಅಂದಿರಿ. ಅಷ್ಟೇ. ಔಲ್‌ಬೇರ್‌ಗೆ ಗುಹೆಯ ವಾಸನೆ, ಗೋಡೆಯ ಗೀರು ಎಲ್ಲ ಕೊಟ್ಟಿದ್ದಿರಿ. ಇವರಿಗೆ ಏನೂ ಇರಲಿಲ್ಲ. ಗಾಬ್ಲಿನ್ ತರಹದವರೇ, ಸ್ವಲ್ಪ ದೊಡ್ಡವರು ಅಂದುಕೊಂಡು ಒಬ್ಬಳೇ ಮುಂದೆ ನುಗ್ಗಿದೆ. ಗುರಾಣಿಗೆ ಗುರಾಣಿ ತಾಗಿಸಿ ಹೆಜ್ಜೆ ಹಾಕುತ್ತಾ ಬರುತ್ತಿದ್ದಾರೆ ಅಂತ ಒಂದು ಮಾತು ಹೇಳಿದ್ದರೆ ನಾನು ಸೇತುವೆಯ ಬಾಯಲ್ಲೇ ನಿಲ್ಲುತ್ತಿದ್ದೆ. ಅಲ್ಲಿ ಒಬ್ಬಿಬ್ಬರಿಗೆ ಮಾತ್ರ ನನ್ನ ಹತ್ತಿರ ಬರಲು ಆಗುತ್ತಿತ್ತು.

ಅವಳನ್ನು ಬದುಕಿಸಬೇಡಿ. ಸತ್ತದ್ದು ಸತ್ತದ್ದೇ ಆಗಿರಲಿ.

ಡೊಂಬಿವಲಿ ಫಾಸ್ಟ್
ಮಂಗಳವಾರ, ರಾತ್ರಿ 11:05

ತಂಗೀ, ನೀವು ಹೇಳಿದ್ದು ಓದಿ ನನಗೆ ಯಕ್ಷಗಾನ ನೆನಪಾಯಿತು. ನಾನು ಉಡುಪಿ ಕಡೆಯವನು, ಊರಿನ ಮೇಳ ಮುಂಬೈಗೆ ಬಂದರೆ ಇವತ್ತಿಗೂ ತಪ್ಪಿಸುವುದಿಲ್ಲ. ಬಣ್ಣದ ವೇಷ ರಂಗಕ್ಕೆ ಸುಮ್ನೆ ನಡೆದು ಬರುತ್ತದಾ? ಮೊದಲು ಆ ಕಡೆಯಿಂದ ಅಬ್ಬರ ಕೇಳಬೇಕು. ಚೆಂಡೆ ಏರಬೇಕು. ತೆರೆ ಹಿಡಿಯುತ್ತಾರೆ, ಮೇಲೆ ಕಿರೀಟದ ತುದಿ ಮಾತ್ರ ಕಾಣುತ್ತದೆ. ಮುಖ ಕಾಣುವ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತದೆ. ಇವನು ಎಂಥವನು ಅಂತ ಯುದ್ಧಕ್ಕೆ ಮುಂಚೆಯೇ ಗೊತ್ತಾಗಿದೆ.

ಎನ್‌ಕೌಂಟರ್‌ನಲ್ಲೂ ಅದೇ ಆಗಬೇಕು. ಹಾಬ್‌ಗಾಬ್ಲಿನ್ ಬರುವ ಮುಂಚೆ ಅವರು ಹಾದು ಹೋದ ಊರು ಕಾಣಲಿ. ಒಂದೇ ಅಳತೆಯ ಹೆಜ್ಜೆ ಗುರುತು, ಸಾಲಾಗಿ ಹೂತ ಗೂಟಗಳು. ಗುರಾಣಿಯ ಸಾಲಿಗೆ ಸಿಕ್ಕಿ ಬದುಕಿದ ಒಬ್ಬ ಸೈನಿಕ "ಅವರ ನಡುವೆ ಮಾತ್ರ ಸಿಕ್ಕಬೇಡಿ" ಅನ್ನಲಿ. ಆಟಗಾರರಿಗೆ ಇಷ್ಟು ಗೊತ್ತಿದ್ದರೆ ನೀವು ಕಾಳಗವನ್ನು ಎಷ್ಟು ಬಿಗಿ ಮಾಡಿದರೂ ಅದು ಅನ್ಯಾಯ ಆಗುವುದಿಲ್ಲ.

ಔಲ್‌ಬೇರ್ ಬಗ್ಗೆಯೂ ಒಂದು ಮಾತು. ಒಂಟಿ ಜೀವಿ ಐದು ಜನರ ನಡುವೆ ನಿಂತು ಹೊಡೆದಾಡಿದರೆ ಸೋಲುವುದೇ. ಕಬಡ್ಡಿಯ ರೈಡರ್ ಎದುರಾಳಿ ಅಂಗಳದಲ್ಲಿ ಏಳು ಜನರ ಮಧ್ಯೆ ನಿಲ್ಲುತ್ತಾನಾ? ಮುಟ್ಟುತ್ತಾನೆ, ನಡುಗೆರೆಗೆ ವಾಪಸ್. ಔಲ್‌ಬೇರ್ ಕತ್ತಲಲ್ಲಿ ಬಂದು ಒಬ್ಬನಿಗೆ ಹೊಡೆದು ಮರಗಳ ಹಿಂದೆ ಹೋಗಲಿ. ಅದರ ನಡಿಗೆ 40 ಅಡಿ, ನಿಮ್ಮವರದ್ದು 30. ಬೆನ್ನಟ್ಟಿದವರು ಒಬ್ಬರಿಂದೊಬ್ಬರು ದೂರ ಆಗುತ್ತಾರೆ, ಆಗ ತಿರುಗಿ ಬರಲಿ. ದೊಡ್ಡ ಡ್ರ್ಯಾಗನ್‌ಗಳಿಗೆ ಲೆಜೆಂಡರಿ ಆಕ್ಷನ್ ಕೊಟ್ಟಿರುವುದೂ ಇದೇ ಕಾರಣಕ್ಕೆ, ಬೇರೆಯವರ ಸರದಿ ಮುಗಿದಾಗಲೂ ಅದಕ್ಕೆ ಕೈ ಎತ್ತಲು ಆಗಬೇಕು ಅಂತ. ಚಿಕ್ಕ ಜೀವಿಗೆ ಅದಿಲ್ಲ. ಜಾಗ ಮತ್ತು ಕತ್ತಲು ನೀವು ಕೊಡಬೇಕು.

ಕೊತ್ರೂಡ್ ಡಿಎಂ
ಬುಧವಾರ, ರಾತ್ರಿ 10:10

ಎಲ್ಲವನ್ನೂ ಎರಡು ಸಲ ಓದಿದೆ. ಫೈಟರ್‌ಗೆ ನಿನ್ನೆ ಫೋನ್ ಮಾಡಿ ಮಾತಾಡಿದೆ. ಅವಳು ಹೇಳಿದ ಹಾಗೆ ಆ ಪಾತ್ರ ಸತ್ತಿದೆ. ಉಳಿದ ನಾಲ್ವರು ಸೆರೆ. ಹಾಬ್‌ಗಾಬ್ಲಿನ್‌ಗಳು ಸೈನ್ಯದ ಶಿಸ್ತಿನವರು, ಕೈಗೆ ಸಿಕ್ಕವರನ್ನು ಸುಮ್ನೆ ಕೊಂದು ಹಾಕುವುದಿಲ್ಲ, ಕೆಲಸಕ್ಕೆ ಹಚ್ಚುತ್ತಾರೆ. ಅವಳ ಹೊಸ ಪಾತ್ರ ಅದೇ ಸೆರೆಯಲ್ಲಿ ಮೊದಲಿನಿಂದ ಇರುವ ಬಾರ್ಬೇರಿಯನ್ (ಆವೇಶದ ಯೋಧೆ). ಮುಂದಿನ ಆಟ ಪಾಳೆಯದಿಂದ ತಪ್ಪಿಸಿಕೊಳ್ಳುವುದು. ಆರು ಹಾಬ್‌ಗಾಬ್ಲಿನ್‌ಗಳನ್ನೇ ಮತ್ತೆ ಇಡುತ್ತೇನೆ. ಆದರೆ ಇಬ್ಬರು ಗೋಪುರದ ಮೇಲೆ, ಇಬ್ಬರು ಬೆಂಕಿಯ ಹತ್ತಿರ, ಉಳಿದಿಬ್ಬರು ಹೊರಗಿನ ಪಹರೆಯಲ್ಲಿ, ಮೂರನೇ ರೌಂಡಿಗೆ ಬರುತ್ತಾರೆ. ಶುರುವಿನ ನಾಲ್ವರಿಗೆ ಲೆಕ್ಕ 800, ಮೀಡಿಯಂ. ಸರಿ ಇದೆಯಾ?

ಪಿಂಪ್ರಿ ಲೆಕ್ಕಿಗ
ಬುಧವಾರ, ರಾತ್ರಿ 10:35

ಸರಿ ಇದೆ. ಒಂದು ಎಚ್ಚರಿಕೆ: ಮಾರ್ಷಲ್ ಅಡ್ವಾಂಟೇಜ್ ಬಿಲ್ಲಿಗೂ ಇದೆ. ಗೋಪುರದವರು ಬಾಣ ಬಿಡುವಾಗ, ಗುರಿಯ ಪಕ್ಕದಲ್ಲಿ ಬೆಂಕಿಯ ಹತ್ತಿರದವನು ನಿಂತಿದ್ದರೆ ಬಾಣಕ್ಕೂ ಆ ಎರಡು ದಾಳ ಸೇರುತ್ತವೆ. ಇದನ್ನು ಆಟಗಾರರಿಗೆ ಕಾಣುವ ಹಾಗೆ ಮಾಡಿ.

ಮಾಟುಂಗ ಫಿಲ್ಟರ್ ಕಾಫಿ
ಗುರುವಾರ, ಬೆಳಗ್ಗೆ 7:40

ಮೊರೇಲ್ 8. ಮರೆಯಬೇಡಿ.

ಕೊತ್ರೂಡ್ ಡಿಎಂ
ಎರಡು ವಾರದ ನಂತರ, ಭಾನುವಾರ, ರಾತ್ರಿ 9:15

ಈಗಷ್ಟೇ ಎಲ್ಲರೂ ಹೋದರು. ಇನ್ನೂ ಕೈ ಬಿಸಿಯಾಗಿದೆ.

ಕೂತ ಕೂಡಲೇ ಹೇಳಿಬಿಟ್ಟೆ: ಇನ್ನು ಮೇಲೆ ಆಟ ಮುಗಿದರೆ ಲಾಂಗ್ ರೆಸ್ಟ್ ಅಂತಲ್ಲ, ಜಾಗ ನೋಡಿ ಮಲಗಬೇಕು. ವಿಝರ್ಡ್ ತಕ್ಷಣ ಪೆನ್ಸಿಲ್ ತೆಗೆದು ಎರಡು ಸ್ಲಾಟ್‌ಗಳ ಸುತ್ತ ಗೆರೆ ಹಾಕಿದರು.

ಮೊದಲ ಒಂದು ಗಂಟೆ ಕಾಳಗವೇ ಇಲ್ಲ. ಬೇಲಿಯ ಸಂದಿಯಿಂದ ಹಾಬ್‌ಗಾಬ್ಲಿನ್‌ಗಳ ಬೆಳಗಿನ ಕವಾಯತು ತೋರಿಸಿದೆ. ಒಬ್ಬ ಮುಂದೆ ಹೊಡೆದು ಗೂಟವನ್ನು ತಿರುಗಿಸುತ್ತಾನೆ, ಪಕ್ಕದವನು ತೆರೆದ ಕಡೆ ಚುಚ್ಚುತ್ತಾನೆ, ಮೇಲಿನಿಂದ ಬಾಣ ಅದೇ ಜಾಗಕ್ಕೆ ಬೀಳುತ್ತದೆ. ರೋಗ್ ಆಡುವವನು ಕೂಡಲೇ ಹೇಳಿದ, "ಅವರ ಪಕ್ಕ ನಿಂತರೆ ಬಾಣ ಜೋರು." ಬೇರೆ ಏನೂ ಹೇಳಬೇಕಾಗಲಿಲ್ಲ.

ರಾತ್ರಿ ರೋಗ್ ಗುಡಾರದಿಂದ ಎಲ್ಲರ ಸಾಮಾನು ತಂದ. ಬೆಂಕಿಯ ಹತ್ತಿರ ಕಾಳಗ ಶುರು. ಎರಡನೇ ರೌಂಡಿಗೆ ಬಾರ್ಬೇರಿಯನ್ ಒಬ್ಬನನ್ನು ಬೀಳಿಸಿದಳು. ಕ್ಲೆರಿಕ್ ಮರೆತು ಇನ್ನೊಬ್ಬನ ಪಕ್ಕ ನಿಂತರು, ಗೋಪುರದಿಂದ ಎರಡು ಬಾಣ, ಎರಡೂ ತಾಗಿದವು, ನೆಲಕ್ಕೆ. ರೇಂಜರ್ ಎಳೆದುಕೊಂಡು ಹೋಗಿ ಪೋಶನ್ ಕುಡಿಸಿದ. ಮೂರನೇ ರೌಂಡಿಗೆ ಪಹರೆಯ ಇಬ್ಬರು ಓಡಿ ಬಂದರು. ಮೂವರೂ ಬಾರ್ಬೇರಿಯನ್ ಮೇಲೆ. ಎರಡು ಬೀಜ ಈ ಕಡೆ, ಒಂದು ಬೀಜ ಆ ಕಡೆ. ಹೋದ ಸಲದ್ದೇ ಚಿತ್ರ. ಮೇಜಿನ ಸುತ್ತ ಮಾತಿಲ್ಲ.

ಅವಳು ಹೊಡೆಯಲಿಲ್ಲ. "ಹಿಂದೆ ಸರಿಯುತ್ತೇನೆ, ಏಟು ಬಿದ್ದರೆ ಬೀಳಲಿ" ಅಂದಳು. ಒಂದು ಏಟು ಬಿತ್ತು, ನಿಂತಳು. ವಿಝರ್ಡ್ ಉಸಿರು ಬಿಗಿ ಹಿಡಿದು ಶ್ಯಾಟರ್ ಅಂದರು. ಮೂರು ದಾಳ ಸೇರಿ 14. ಇಬ್ಬರು ಸೇವ್ (ಮಂತ್ರ ತಡೆಯಲು ಹಾಕುವ ದಾಳ) ತಪ್ಪಿ ಅಲ್ಲೇ ಬಿದ್ದರು. ಮೂರನೆಯವನು ತಡೆದುಕೊಂಡ, ಅರ್ಧ ಅಂದರೆ 7 ತಿಂದು ನಾಲ್ಕು ಎಚ್‌ಪಿಯಲ್ಲಿ ನಿಂತ. ಆರರಲ್ಲಿ ಮೂವರು ಹೋದರು, ಅರ್ಧ ಗುಂಪು. ಎಲ್ಲರ ಎದುರಿಗೇ ಮೊರೇಲ್ ದಾಳ ಹಾಕಿದೆ. ಐದು, ನಾಲ್ಕು. ಒಂಬತ್ತು. ನಮ್ಮ ಮನೆಯಲ್ಲಿ ಅಷ್ಟು ಜೋರು ಕೂಗು ಯಾವತ್ತೂ ಎದ್ದಿರಲಿಲ್ಲ, ಪಕ್ಕದ ಮನೆಯ ಆಜಿ ಬಾಗಿಲು ತಟ್ಟಿದರು.

ಗೋಪುರದವನೊಬ್ಬ ಇಳಿದು ಓಡುವಾಗ ರೇಂಜರ್ ಬಾಣಕ್ಕೆ ಸಿಕ್ಕ. ಇನ್ನೊಬ್ಬ ಏಣಿಯ ಕೆಳಗೇ ಕೈ ಎತ್ತಿದ. ಒಟ್ಟು ಆರು ರೌಂಡ್. ವಿಝರ್ಡ್ ಹತ್ತಿರ ಎರಡನೇ ದರ್ಜೆಯ ಒಂದು ಸ್ಲಾಟ್ ಇನ್ನೂ ಇದೆ. ಚೀಟಿ ಬರೆದು ಅವಲಕ್ಕಿ ಡಬ್ಬಿಗೆ ಹಾಕಿದ್ದೇವೆ.

ವಾಸ್ಕೊ ಬಂದರು
ಭಾನುವಾರ, ರಾತ್ರಿ 9:40

ಓದಿ ನನಗೇ ಮೈ ಜುಂ ಅಂದಿತು. ಆ ನಾಲ್ಕು ಎಚ್‌ಪಿಯವನು ಏನಾದ?

ಬಿದ್ದ ಫೈಟರ್
ಭಾನುವಾರ, ರಾತ್ರಿ 9:48

ಕತ್ತಲಲ್ಲಿ ಓಡಿಹೋದ ಅಕ್ಕಾ. ನನ್ನ ಹಳೇ ಪಾತ್ರದ ಕತ್ತಿ ಅವನ ಸೊಂಟದಲ್ಲಿತ್ತು, ನಾನು ನೋಡಿದೆ.